ಮುಚ್ಚಿಹೋದ ಊರ ಹಾದಿ ಮತ್ತೆ ತೆರೆಯುವುದು ಹೇಗೆ?

ನವಲಗುಂದದ ಎರಿ (ಕಪ್ಪು ಮಣ್ಣಿನ) ಸೀಮೆ ಇರಲಿ, ಶಿರಹಟ್ಟಿಯ ಮಸಾರಿ (ಕೆಂಪು ಮಣ್ಣು) ಇರಲಿ, ಊರಿಗೊಂದಾದರೂ ಸತ್ತ ಹಾದಿ ಸಿಗುತ್ತದೆ. ಕೆರೆಗೆ ಹೋಗುತ್ತಿದ್ದದ್ದು, ಗುಡ್ಡದ ಮೇಲಿನ ಗುಡಿ ಮುಟ್ಟಿಸುತ್ತಿದ್ದದ್ದು, ಸಂತೆಗೆ ಅಡ್ಡಹಾದಿಯಾಗಿ ಪಕ್ಕದೂರು ಸೇರಿಸುತ್ತಿದ್ದದ್ದು. ಯಾರೂ ಅದನ್ನು ಒಂದೇ ದಿನ ಮುಚ್ಚಿದ್ದಲ್ಲ. ಒಬ್ಬರು ಬದುವಿನಾಚೆ ಎರಡು ಸಾಲು ಹೆಚ್ಚು ಹರಗಿದರು, ಇನ್ನೊಬ್ಬರು ಬೋರ್‌ವೆಲ್ ಕೊರೆಸಿ ತಂತಿ ಬೇಲಿ ಎಳೆದರು, ನಡುವೆ ಬಳ್ಳಾರಿ ಜಾಲಿ ಎದ್ದಿತು. ಬೈಕು ಬಂದ ಮೇಲೆ ಡಾಂಬರು ರಸ್ತೆಯೇ ಸಲೀಸು ಅನ್ನಿಸಿತು. ಹುಬ್ಬಳ್ಳಿ-ಧಾರವಾಡದ ಸುತ್ತ ಹೊಲಗಳು ಪ್ಲಾಟುಗಳಾದಾಗ ಹಾದಿಗೆ ಅಡ್ಡ ಕಂಪೌಂಡೇ ನಿಂತಿತು. ಬೈಕಿದ್ದವರಿಗೆ ಇದರಿಂದ ಏನೂ ಆಗಲಿಲ್ಲ. ಬುತ್ತಿ ಹೊತ್ತು ಹೊಲಕ್ಕೆ ಹೋಗುವ ಹೆಣ್ಣುಮಕ್ಕಳು, ಕುರಿಯವರು, ಸಾಲಿ ಹುಡುಗರು, ಮುಂಜಾನೆ ಕೆರೆಯ ತನಕ ಅಡ್ಡಾಡಿ ಬರಬೇಕೆನ್ನುವ ಹಿರಿಯರು ಸುತ್ತು ಹಾಕಬೇಕಾಯಿತು, ಅದೂ ಲಾರಿಗಳ ಮಗ್ಗುಲಲ್ಲಿ.

ಯುವಕ ಸಂಘ, ಮಹಿಳಾ ಸ್ವಸಹಾಯ ಗುಂಪು, ನಿವೃತ್ತ ಶಿಕ್ಷಕರ ಗುಂಪು, ಹೀಗೆ ಯಾರಾದರೂ ಸೇರಿ ಇಂಥ ಒಂದು ಹಾದಿಯನ್ನು ಮತ್ತೆ ನಡೆಯುವಂತೆ ಮಾಡಬಹುದು. ಬಹಳಷ್ಟು ಕಡೆ ಹಾದಿ ಕಾಗದದಲ್ಲಿ ಇನ್ನೂ ಇದೆ. ಹಾಗಂತ ಕಾಗದ ಹಿಡಿದು ಮೊದಲಿಗೇ ತಹಶೀಲ್ದಾರ್ ಕಚೇರಿಗೆ ಓಡಬೇಡಿ. ಊರಲ್ಲಿ ಮಾತಾಡದೆ ಕೊಟ್ಟ ಅರ್ಜಿಯಿಂದ ಹಾದಿ ತೆರೆಯುವುದಕ್ಕಿಂತ ದಾಯಾದಿ ಜಗಳ ತೆರೆಯುವುದೇ ಹೆಚ್ಚು. ಅದಕ್ಕೇ ಇಲ್ಲಿ ಅರ್ಜಿಯ ವಿಷಯವನ್ನು ಕೊನೆಗೆ ಇಟ್ಟಿದ್ದೇನೆ.

ಒಂದೇ ಹಾದಿ ಹಿಡಿಯಿರಿ

ಊರಿನ ಎಲ್ಲ ಹಾದಿಗಳ ಪಟ್ಟಿ ಮಾಡುತ್ತ ಕೂತರೆ ಪಟ್ಟಿಯೇ ಉಳಿಯುತ್ತದೆ. ಒಂದನ್ನು ಆರಿಸಿ. ಅದಕ್ಕೆ ಎರಡು ಗುಣ ಇರಲಿ: ಇವತ್ತಿಗೂ ಕೆಲವರಾದರೂ ಕಷ್ಟಪಟ್ಟು ಅದರಲ್ಲೇ ಓಡಾಡುತ್ತಿರಬೇಕು, ಮತ್ತು ಅದರ ಕೊನೆಯಲ್ಲಿ ಜನ ಹೋಗಲೇಬೇಕಾದ ಏನೋ ಇರಬೇಕು. ಕೆರೆ, ಗುಡಿ, ಸ್ಮಶಾನ, ಗೈರಾಣ (ಊರ ಗೋಮಾಳ), ಹೈಸ್ಕೂಲು, ಯಾವುದಾದರೂ ಆದೀತು. ಬರೀ ನೋಟ ಚೆಂದ ಅಂತ ಆರಿಸಿದ ಹಾದಿಗೆ ಮೊದಲ ಮಳೆಗಾಲ ಮುಗಿದ ಮೇಲೆ ಸಲಿಕೆ ಹಿಡಿದು ಬರುವವರು ಸಿಗುವುದಿಲ್ಲ.

ಪೇಟೆಯವರಿಗೆ ಒಂದು ಮಾತು. ಧಾರವಾಡದಿಂದ ರವಿವಾರ ಬಂದು ನಡೆಯುವ ಗುಂಪುಗಳು ಈಗ ಸಾಕಷ್ಟಿವೆ. ಹಾದಿ ನಿಮಗೆ ಬೇಕಿದ್ದರೂ ಕೆಲಸದ ಮುಂದಾಳತ್ವ ಆ ಊರಿನವರ ಕೈಯಲ್ಲೇ ಇರಲಿ. ನೀವು ಹಣ, ನಕಾಶೆ ಓದುವ ಕೆಲಸ, ಅರ್ಜಿ ಬರೆಯುವ ಕೆಲಸ ಹೊತ್ತುಕೊಳ್ಳಿ.

ಎರಡು ಸಲ ನಡೆಯಿರಿ, ಹಿರಿಯರನ್ನು ಕರೆದುಕೊಂಡು

ಒಮ್ಮೆ ಬೇಸಿಗೆಯಲ್ಲಿ, ಒಮ್ಮೆ ಮಳೆ ಹಿಡಿದಾಗ. ಬೇಸಿಗೆಯಲ್ಲಿ ಹಾದಿಯ ಗೆರೆ ಕಾಣುತ್ತದೆ: ಎತ್ತರದ ಬದು, ಒಂದೇ ಸಾಲಿನಲ್ಲಿ ನಿಂತ ಹಳೆಯ ಬೇವು-ಹುಣಸೆ, ಚಕ್ಕಡಿ ಗಾಲಿ ತಿಂದ ಕಲ್ಲು. ಮಳೆಗಾಲದಲ್ಲಿ ನೀರು ಎಲ್ಲಿಂದ ಬಂದು ಎಲ್ಲಿ ನಿಲ್ಲುತ್ತದೆ ಅನ್ನುವುದು ಗೊತ್ತಾಗುತ್ತದೆ. ನಿಜವಾದ ಖರ್ಚು ಇರುವುದು ಅಲ್ಲೇ. ಮೊಬೈಲಿನಲ್ಲಿ ದಾರಿ ದಾಖಲಿಸುವ ಆ್ಯಪ್ ಹಾಕಿ ನಡೆಯಿರಿ, ತೊಂದರೆ ಇರುವ ಪ್ರತಿ ಜಾಗದ ಫೋಟೊ ತೆಗೆಯಿರಿ.

ಹಳೆಯ ಸಂಗತಿ ಕೇಳಲು ಶೀಗಿ ಹುಣ್ಣಿಮೆ ಮತ್ತು ಎಳ್ಳ ಅಮಾವಾಸ್ಯೆಗಿಂತ ಒಳ್ಳೆಯ ದಿನ ಇಲ್ಲ. ಚರಗ ಚೆಲ್ಲಲು, ಅಂದರೆ ಭೂಮಿತಾಯಿಗೆ ಎಡೆ ಕೊಡಲು, ಊರಿಗೆ ಊರೇ ಹೊಲಕ್ಕೆ ಹೊರಟಿರುತ್ತದೆ, ಯಾರು ಯಾರ ಹೊಲ ಹಾಯ್ದು ಹೋಗುತ್ತಾರೆ ಅನ್ನುವುದು ಕಣ್ಣಿಗೇ ಕಾಣುತ್ತದೆ. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಪುಂಡಿಪಲ್ಯೆ ಮುಂದಿಟ್ಟುಕೊಂಡ ಅಜ್ಜ-ಅಜ್ಜಿಯರು ಆಫೀಸಿನಲ್ಲಿ ಹೇಳದ್ದನ್ನೂ ಹೇಳುತ್ತಾರೆ. ಹೆಸರು, ವಯಸ್ಸು, ಅವರು ನೆನೆಸಿಕೊಂಡ ಗುರುತುಗಳನ್ನು ಬರೆದಿಟ್ಟುಕೊಳ್ಳಿ. ಮುಂದೆ ಬೇಕಾಗುತ್ತದೆ.

ಕಾಗದದಲ್ಲಿ ಏನಿದೆ?

ಇಂಗ್ಲೆಂಡಿನಲ್ಲಿ 1949ರ ಕಾಯ್ದೆಯೊಂದು ಕಾಲುದಾರಿಗಳ ಅಧಿಕೃತ ನಕಾಶೆ ಮಾಡಿಸಿತು. ನಕಾಶೆಯಲ್ಲಿ ಬಂದ ದಾರಿ ದಾರಿಯೇ, ಹೊಲ ಯಾರದಾದರೂ ಇರಲಿ. ನಮ್ಮಲ್ಲಿ ಕಾಲುದಾರಿಗೇ ಅಂತ ಬೇರೆ ನಕಾಶೆ ಇಲ್ಲ. ಆದರೆ ಕಂದಾಯದ ಗ್ರಾಮ ನಕಾಶೆ ಇದೆ, ಅದನ್ನು ಓದುವವರು ಕಡಿಮೆ ಅಷ್ಟೇ. ಜೋಡಿ ತುಂಡುಗೆರೆ ಎಳೆದಿದ್ದರೆ ಚಕ್ಕಡಿ ದಾರಿ, ಒಂಟಿ ತುಂಡುಗೆರೆ ಇದ್ದರೆ ಕಾಲುದಾರಿ. ಭೂದಾಖಲೆ ಇಲಾಖೆಯ ಜಾಲತಾಣದಲ್ಲಿ ಊರಿನ ನಕಾಶೆ ಸಿಗುತ್ತದೆ, ದೊಡ್ಡದಾಗಿ ಪ್ರಿಂಟ್ ಹಾಕಿಸಿ. ಹೊಲದಲ್ಲಿ ನಿಂತು ದಿಶಾಂಕ್ ಆ್ಯಪ್ ತೆರೆದರೆ ಕಾಲಡಿಯ ಸರ್ವೆ ನಂಬರ್ ತೋರಿಸುತ್ತದೆ. ಅಂಚಿನಲ್ಲಿ ಕೆಲವು ಮೀಟರ್ ಆಚೀಚೆ ಆಗುತ್ತದೆ, ಅದನ್ನೇ ಹದ್ದು (ಗಡಿ) ಅಂತ ವಾದ ಮಾಡಬೇಡಿ. ಹದ್ದು ಗುರುತಿಸುವುದು ಸರ್ವೆಯವರ ಕೆಲಸ.

ನಂತರ ಹಾದಿ ಹಾಯುವ ಪ್ರತಿ ಸರ್ವೆ ನಂಬರಿನ ಉತಾರ (ಪಹಣಿ) ತೆಗೆಸಿ. ಅದರಲ್ಲಿ ಒಟ್ಟು ಕ್ಷೇತ್ರದ ಕೆಳಗೆ ಫೂಟ್ ಖರಾಬು ‘ಅ’, ‘ಬ’ ಅಂತ ಎರಡು ಇರುತ್ತದೆ. ‘ಅ’ ಅಂದರೆ ಸಾಗುವಳಿಗೆ ಬಾರದ ಜಾಗ. ‘ಬ’ ಅಂದರೆ ಸಾರ್ವಜನಿಕ ಉಪಯೋಗದ್ದು: ರಸ್ತೆ, ಒಪ್ಪಿತ ಕಾಲುದಾರಿ, ಹಳ್ಳ, ಕೆರೆ, ಸ್ಮಶಾನ. ‘ಬ’ ಖರಾಬಿನಲ್ಲಿ ನಿಮ್ಮ ಹಾದಿಗೆ ಗುಂಟೆ ಬಿಟ್ಟಿದ್ದರೆ ನಿಮ್ಮ ನೆಲೆ ಗಟ್ಟಿ. ಕರ್ನಾಟಕ ಭೂಕಂದಾಯ ಕಾಯ್ದೆ 1964ರ 67ನೆಯ ಕಲಂ ಪ್ರಕಾರ ಸಾರ್ವಜನಿಕ ರಸ್ತೆ, ಹಾದಿ ಸರ್ಕಾರದ್ದು. ನಕಾಶೆಯಲ್ಲಿ ಗೆರೆ ಇದೆ, ಉತಾರದಲ್ಲಿ ಖರಾಬು ಇಲ್ಲ ಅಂದರೆ ಸ್ವಲ್ಪ ತೊಡಕು. ಆಗ ಟಿಪ್ಪಣಿ (ಸರ್ವೆಯವರ ಮೂಲ ಅಳತೆಯ ನಕ್ಷೆ), ಆಕಾರಬಂದ್ (ಸರ್ವೆ ನಂಬರುವಾರು ಕ್ಷೇತ್ರ, ಖರಾಬು, ಕಂದಾಯದ ಪಟ್ಟಿ) ನಕಲು ತೆಗೆಸಿ ನೋಡಬೇಕು. ಕಚೇರಿಯಲ್ಲಿ ‘ನಾಳೆ ಬರ್ರಿ’ ಶುರುವಾದರೆ 10 ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಕೇಳಿ, 30 ದಿನದೊಳಗೆ ಉತ್ತರ ಕೊಡಬೇಕು.

ಕಾಗದದಲ್ಲಿ ಎಲ್ಲೂ ಇಲ್ಲದ, ಆದರೆ ಜನ ತಲೆಮಾರುಗಳಿಂದ ನಡೆದ ಹಾದಿಯೂ ಇರುತ್ತದೆ. 1882ರ ಅನುಭೋಗ ಹಕ್ಕು ಕಾಯ್ದೆಯ 15ನೆಯ ಕಲಂ ಪ್ರಕಾರ 20 ವರ್ಷ ತಡೆಯಿಲ್ಲದೆ, ಬಹಿರಂಗವಾಗಿ, ಹಕ್ಕೆಂದು ಬಳಸಿದ ದಾರಿಗೆ ಹಕ್ಕು ಹುಟ್ಟುತ್ತದೆ. ಸರ್ಕಾರಿ ಜಮೀನಾದರೆ 30 ವರ್ಷ. ಇದನ್ನು ಸಾಧಿಸಬೇಕಾದದ್ದು ಸಿವಿಲ್ ಕೋರ್ಟಿನಲ್ಲಿ. ನನ್ನ ಮಾತು ಕೇಳಿದರೆ, ಕೋರ್ಟಿನ ದಾರಿಗಿಂತ ಮುಂದೆ ಹೇಳುವ ಒಪ್ಪಿಗೆಯ ದಾರಿ ಹತ್ತಿರದ್ದು.

ಹೊಲದವರ ಕಟ್ಟೆಯ ಮೇಲೆ ಕೂತು

ಇಡೀ ಕೆಲಸ ನಿಂತಿರುವುದು ಇದರ ಮೇಲೆ. ಗುಂಪು ಕಟ್ಟಿಕೊಂಡು ಹೋಗಬೇಡಿ, ಇಬ್ಬರು ಸಾಕು, ಅದರಲ್ಲಿ ಒಬ್ಬರು ಆ ಮನೆಗೆ ಬೇಕಾದವರಾಗಿರಲಿ. ನಕಾಶೆ ಚೀಲದಲ್ಲೇ ಇರಲಿ. ಮೊದಲ ಭೇಟಿಯಲ್ಲಿ ಅದನ್ನು ಹೊರಗೆ ತೆಗೆದರೆ ‘ಕೇಸ್ ಹಾಕಾಕ ಬಂದಾರ’ ಅನ್ನುವ ಭಾವನೆ ಬಂದುಬಿಡುತ್ತದೆ. ಮಾತು ಸಾಮಾನ್ಯವಾಗಿ ಹೀಗೆ ಸಾಗುತ್ತದೆ:

“ಕಾಕಾರ, ನಿಮ್ಮ ಹೊಲದ ಮಗ್ಗಲಾಗ ಕೆರಿ ಹಾದಿ ಇತ್ತಂತಲ್ಲರಿ?”

“ಇತ್ತಪಾ, ಯಾರ ಇಲ್ಲಂದ್ರು? ನಮ್ಮಪ್ಪ ಚಕ್ಕಡಿ ಹೊಡಕೊಂಡ ಹ್ವಾದ ಹಾದಿ ಅದು. ಆದ್ರ ಇವತ್ತ ಮಂದಿಗೆ ಅಂತ ಬಿಟ್ರ ನಾಳೆ ಟಿಪ್ಪರ್ ಬರ್ತಾವು. ಆಮ್ಯಾಲ ನಾ ಏನ್ ಮಾಡ್ಲಿ?”

ಆ ಉತ್ತರದಲ್ಲೇ ಕೆಲಸದ ಕೀಲಿ ಇದೆ. ನಡೆಯುವವರ ಬಗ್ಗೆ ಅವರಿಗೆ ಅಂಜಿಕೆ ಇಲ್ಲ, ಹಿಂದೆ ಬರುವ ಟಿಪ್ಪರಿನ ಬಗ್ಗೆ ಇದೆ. ಬೇರೆಯವರಿಗೆ ಬೇರೆ ಅಂಜಿಕೆ: ಹಸಿ ಕಡಲೆ ಕಿತ್ತುಕೊಂಡು ಹೋಗುವ ಹುಡುಗರು, ಮೋಟಾರಿನ ಕೇಬಲ್ ಕಳವು, ಬಿತ್ತಿದ ಸಾಲಿನ ಮೇಲೆ ಹಾಯುವ ದನ, ಬಾಟಲಿ ಒಡೆದು ಹೋಗುವ ಕುಡುಕರು. ಒಬ್ಬೊಬ್ಬರ ಅಂಜಿಕೆಯನ್ನೂ ಹಾಗೇ ಬರೆದುಕೊಂಡು, ಪ್ರತಿಯೊಂದಕ್ಕೂ ಏನು ವ್ಯವಸ್ಥೆ ಅಂತ ಮುಂದಿನ ಸಲ ಹೇಳಿ. ಟಿಪ್ಪರಿಗೆ ಕಲ್ಲಿನ ಕಂಬ, ಕೇಬಲ್ ಕಳವಿಗೆ ಕತ್ತಲಾದ ಮೇಲೆ ಹಾದಿ ಇಲ್ಲ ಅನ್ನುವ ನಿಯಮ, ದನಕ್ಕೆ ಬೇಲಿಯ ದುರಸ್ತಿ.

ಎಷ್ಟು ಜಾಗ ಹೋಗುತ್ತದೆ ಅನ್ನುವ ಲೆಕ್ಕವನ್ನೂ ಮುಂದಿಡಿ, ಏಕೆಂದರೆ ರೈತರು ಮನಸ್ಸಿನಲ್ಲಿ ಹಾಕಿಕೊಂಡ ಲೆಕ್ಕ ಯಾವಾಗಲೂ ದೊಡ್ಡದಿರುತ್ತದೆ. ಸರ್ವೆಯವರ ಸರಪಳಿ 33 ಅಡಿ, ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲ ಸೇರಿದರೆ ಒಂದು ಗುಂಟೆ, ಅಂದರೆ 1,089 ಚದರ ಅಡಿ. 4 ಅಡಿ ಅಗಲದ ಕಾಲುದಾರಿ 272 ಅಡಿ ಉದ್ದ ಹೋದರೆ ಒಂದು ಗುಂಟೆ. ಬದುವಿನ ಎರಡೂ ಕಡೆಯವರು ಅರ್ಧರ್ಧ ಬಿಟ್ಟರೆ ಒಬ್ಬೊಬ್ಬರಿಗೆ ಅರ್ಧ ಗುಂಟೆ, ಅದರಲ್ಲೂ ಬದುವಿನ ಜಾಗವೇ ಬಹುಪಾಲು. 12 ಅಡಿಯ ಟ್ರ್ಯಾಕ್ಟರ್ ದಾರಿಯಾದರೆ 90 ಅಡಿಗೇ ಒಂದು ಗುಂಟೆ ಹೋಗುತ್ತದೆ. ಹೀಗಾಗಿ ಕಾಲುದಾರಿ ಕೇಳಲು ಹೋಗಿ, ಹುರುಪಿನಲ್ಲಿ ‘ಟ್ರ್ಯಾಕ್ಟರ್ ಹೋಗುವಂಗ ಮಾಡೋಣ’ ಅನ್ನಬೇಡಿ. ಹೊಲದವರೇ ತಮ್ಮ ಬೆಳೆ ಸಾಗಿಸಲು ಟ್ರ್ಯಾಕ್ಟರ್ ದಾರಿ ಬೇಕು ಅಂದರೆ ಮಾತು ಬೇರೆ. ಆಗ ಅವರೇ ಮುಂದೆ ನಿಂತು ಮಾಡಿಸುತ್ತಾರೆ.

ಒಪ್ಪಿದವರಿಂದ ಬರಹದಲ್ಲಿ ಒಪ್ಪಿಗೆ ಪಡೆಯಿರಿ. ಹಾದಿ ಖಾಸಗಿ ಜಮೀನಿನಲ್ಲೇ ಹಾಯುವುದಾದರೆ ಅದರಲ್ಲಿ ಈ ಮಾತುಗಳು ಇರಲಿ: ಇದು ಮಾಲೀಕರು ಕೊಟ್ಟ ಅನುಮತಿ, ಇದರಿಂದ ಯಾರಿಗೂ ಹಕ್ಕು ಹುಟ್ಟುವುದಿಲ್ಲ, ಕಾಲ್ನಡಿಗೆಗೆ (ಅಥವಾ ಚಕ್ಕಡಿಗೆ) ಮಾತ್ರ, ಇಷ್ಟು ವರ್ಷದ ಅವಧಿಗೆ, ಆಮೇಲೆ ಮತ್ತೆ ಕೂತು ಮಾತಾಡುವುದು. ಅನುಮತಿಯಿಂದ ನಡೆದ ದಾರಿಗೆ 20 ವರ್ಷದ ಹಕ್ಕು ಹುಟ್ಟುವುದಿಲ್ಲ ಅನ್ನುವುದು ಕಾನೂನಿನಲ್ಲೇ ಇದೆ. ಅದನ್ನು ಕಾಗದದಲ್ಲಿ ಕಂಡಾಗ ಗಟ್ಟಿ ಮನಸ್ಸಿನವರೂ ಸಡಿಲಾಗುತ್ತಾರೆ. ‘ಬ’ ಖರಾಬಿನ ಹಾದಿಗೆ ಮಾತ್ರ ಇಂಥ ಕಾಗದ ಮಾಡಿಸಬೇಡಿ. ಸರ್ಕಾರದ ಜಾಗಕ್ಕೆ ಖಾಸಗಿಯವರ ಅನುಮತಿ ಬರೆಸಿಕೊಂಡರೆ ನಾಳೆ ನಿಮಗೇ ತೊಡರಾಗುತ್ತದೆ.

ಒಬ್ಬರು ಏನು ಮಾಡಿದರೂ ಒಪ್ಪುವುದಿಲ್ಲ ಅನ್ನುವ ಪರಿಸ್ಥಿತಿ ಬಂದೇ ಬರುತ್ತದೆ. ಅವರ ಹೊಲ ಬಿಟ್ಟು ಉಳಿದ ಭಾಗದಲ್ಲಿ ಕೆಲಸ ಶುರು ಮಾಡಿ. ಎರಡೂ ಕಡೆಯಿಂದ ಹಾದಿ ಬಂದು ತಮ್ಮ ಬೇಲಿಗೆ ನಿಂತಾಗ ಮನಸ್ಸು ಬದಲಾಗುವುದುಂಟು.

ಪಂಚಾಯಿತಿ ಮತ್ತು ಹಣ

ಗುಂಪಿಗೆ ಬ್ಯಾಂಕ್ ಖಾತೆ ಬೇಕಿದ್ದರೆ 1960ರ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಾಯಿಸಬಹುದು, ಕನಿಷ್ಠ 7 ಜನ ಸದಸ್ಯರು ಬೇಕು. ಸಣ್ಣ ಕೆಲಸಕ್ಕೆ ಇದು ಅನಗತ್ಯ. ಈಗಾಗಲೇ ಇರುವ ಸ್ವಸಹಾಯ ಸಂಘ ಅಥವಾ ಗುಡಿ ಕಮಿಟಿಯ ಹೆಸರಿನಲ್ಲೇ ನಡೆಸಿ.

ವಾರ್ಡ್ ಸಭೆ, ಗ್ರಾಮಸಭೆಯಲ್ಲಿ ಹಾದಿಯ ಹೆಸರು, ಸರ್ವೆ ನಂಬರು, ಉದ್ದ ಹೇಳಿ ಠರಾವಿನಲ್ಲಿ ಬರೆಸಿ. ಪಂಚಾಯಿತಿ ಕ್ರಿಯಾಯೋಜನೆ ಅಕ್ಟೋಬರಿನ ಹೊತ್ತಿಗೆ ಶುರುವಾಗುತ್ತದೆ, ಅದಕ್ಕೆ ಮೊದಲೇ ಸೇರಿಸಿದರೆ ಒಳ್ಳೆಯದು. ಹೊಲದ ದಾರಿಗಳನ್ನು ಉದ್ಯೋಗ ಖಾತರಿಯಲ್ಲಿ ‘ನಮ್ಮ ಹೊಲ ನಮ್ಮ ರಸ್ತೆ’ ಹೆಸರಿನಲ್ಲಿ ಮಾಡಿಸಿದ ಊರುಗಳಿವೆ. ಈಗಿನ ನಿಯಮ, ಕೂಲಿ ದರ ಪಿಡಿಒ ಹತ್ತಿರವೇ ಕೇಳಿಕೊಳ್ಳಿ. ಕೆರೆಯ ಏರಿಯ ಮೇಲೆ ಹಾದಿ ಹೋಗುವುದಾದರೆ ಕೆರೆ ಯಾರದು ಅಂತ ನೋಡಬೇಕು: 40 ಹೆಕ್ಟೇರಿಗಿಂತ ಕಡಿಮೆ ಅಚ್ಚುಕಟ್ಟಿನ ಕೆರೆ ಸಾಮಾನ್ಯವಾಗಿ ಪಂಚಾಯತ್ ವ್ಯವಸ್ಥೆಯದು, ಅದಕ್ಕಿಂತ ದೊಡ್ಡದು ಸಣ್ಣ ನೀರಾವರಿ ಇಲಾಖೆಯದು. ಏರಿಯನ್ನು ಯಾರೂ ಕೇಳದೆ ಅಗೆಯಬಾರದು.

ರೊಕ್ಕಕ್ಕಿಂತ ಸಾಮಾನಿನ ರೂಪದಲ್ಲಿ ಕೇಳಿದರೆ ಜನ ಕೈ ಬಿಚ್ಚುತ್ತಾರೆ. ಒಬ್ಬರು ಎರಡು ಟ್ರಿಪ್ ಗರಸು (ಹರಳು ಮಣ್ಣು), ಇನ್ನೊಬ್ಬರು ಅರ್ಧ ದಿನ ಜೆಸಿಬಿ, ಮತ್ತೊಬ್ಬರು ಕೆಲಸದವರಿಗೆ ಊಟ. ಎಲ್ಲವನ್ನೂ ಒಂದು ವಹಿಯಲ್ಲಿ ಬರೆದು ಗುಡಿಯ ಕಟ್ಟೆಯ ಮೇಲೆ ಓದಿ ಹೇಳಿ. ಗರಸು ಎಲ್ಲಿಂದ ಬರುತ್ತದೆ ಅಂತಲೂ ಕೇಳಿ. ಪರವಾನಗಿ ಇಲ್ಲದೆ ಗೈರಾಣ ಅಗೆದು ತಂದ ಗರಸಿನಿಂದ ಊರ ಹಾದಿ ಮಾಡಿದರೆ ಅದರ ತಲೆನೋವು ನಿಮ್ಮ ಗುಂಪಿಗೇ ಬರುತ್ತದೆ.

ಎರಿ ಮಣ್ಣಿನ ಹಾದಿ

ಶಿರಹಟ್ಟಿ, ಕಲಘಟಗಿ ಕಡೆಯ ಕೆಂಪು ಮಣ್ಣಿನಲ್ಲಿ ಜಾಲಿ ಕಡಿದು, ಬೇರು ತೆಗೆದು, ತಗ್ಗು ತುಂಬಿದರೆ ಅರ್ಧ ಕೆಲಸ ಮುಗಿಯಿತು. ಅಣ್ಣಿಗೇರಿ, ನವಲಗುಂದ, ರೋಣ, ನರಗುಂದದ ಕಥೆ ಬೇರೆ. ಎರಿ ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕೈ ತೂರುವಷ್ಟು ಬಿರಿಯುತ್ತದೆ. ಮಳೆಯಲ್ಲಿ ಚಪ್ಪಲಿಗೆ ಹತ್ತಿದರೆ ಎರಡು ಹೆಜ್ಜೆಗೆ ಕಾಲು ಎತ್ತಲು ಬಾರದು. ಅದರ ಮೇಲೆ ನೇರವಾಗಿ ಗರಸು ಸುರಿದರೆ ಒಂದೇ ಮಳೆಗಾಲದಲ್ಲಿ ಗರಸು ಕೆಳಗೆ, ಎರಿ ಮೇಲೆ. ಎಷ್ಟೋ ಊರಲ್ಲಿ ರೊಕ್ಕ ಹೀಗೇ ನೆಲ ಸೇರಿದೆ.

ಕೆಲಸಕ್ಕೆ ಕಾಲ ಫೆಬ್ರುವರಿಯಿಂದ ಮೇ ತನಕ. ಹಿಂಗಾರಿ ಕಡಲೆ, ಜೋಳ ಮನೆಗೆ ಬಂದಿರುತ್ತದೆ, ಹೊಲ ಖಾಲಿ, ಟ್ರ್ಯಾಕ್ಟರ್ ತಿರುಗಿಸಿದರೆ ಯಾರೂ ಬೈಯುವುದಿಲ್ಲ. ಹಗ್ಗ ಕಟ್ಟಿ ಸುಣ್ಣದ ಪುಡಿಯಿಂದ ಗೆರೆ ಹಾಕಿ, ಹೊಲದವರನ್ನು ನಿಲ್ಲಿಸಿ ತೋರಿಸಿದ ಮೇಲೇ ಸಲಿಕೆ ಹಾಕಿ.

ಮೇಲಿನ ಹುಲ್ಲು-ಬೇರಿನ ಪದರನ್ನು ಗೇಣುದ್ದ ತೆಗೆಯಿರಿ. ಬಿರುಕುಗಳನ್ನು ಒಡೆದು ನೀರು ಹಾಕಿ ಗಟ್ಟಿ ಮಾಡಿ. ಮೊದಲ ಪದರಕ್ಕೆ ದಪ್ಪ ಗರಸು ಅಥವಾ ಕ್ರಷರಿನ ಕಲ್ಲುಪುಡಿ ಹಾಕಿ. ಕೆಳಗಿನ ಎರಿ ಮೇಲೆ ಬರದಂತೆ ತಡೆಯುವುದು ಇದೇ ಪದರು. ಅದರ ಮೇಲೆ ಸಣ್ಣ ಗರಸು, ಒಂದೇ ಸಲ ಗುಡ್ಡೆ ಹಾಕದೆ ಎರಡು ಪದರಾಗಿ, ಪ್ರತಿ ಪದರು ಅರ್ಧ ಅಡಿಗಿಂತ ಹೆಚ್ಚಿಲ್ಲದಂತೆ. ಪ್ರತಿ ಪದರಿಗೂ ನೀರು ಹೊಡೆದು ರೋಲರ್ ಆಡಿಸಬೇಕು. ನೀರಿನ ಹದ ನೋಡಲು ಒಂದು ಹಿಡಿ ಗರಸು ಮುಷ್ಟಿಯಲ್ಲಿ ಒತ್ತಿ. ಉಂಡೆ ಕಟ್ಟಬೇಕು, ಅಂಗೈ ಒದ್ದೆಯಾಗಬಾರದು, ಎದೆಮಟ್ಟದಿಂದ ಬಿಟ್ಟರೆ ಒಡೆಯಬೇಕು. ಎಲ್ಲ ಮುಗಿದಾಗ ಹಾದಿ ಹೊಲಕ್ಕಿಂತ ಒಂದು ಅಡಿಯಷ್ಟು ಮೇಲಿರಲಿ, ನಡುವಿನಿಂದ ಅಂಚಿಗೆ ಪ್ರತಿ ಮೀಟರಿಗೆ 4-5 ಸೆಂಟಿಮೀಟರ್ ಇಳಿಜಾರು ಇರಲಿ. ಕೆರೆಯ ಹೂಳು ಪುಕ್ಕಟೆ ಸಿಗುತ್ತದೆ ಅಂತ ಹಾದಿಗೆ ಹಾಕುವವರಿದ್ದಾರೆ. ಹೂಳು ಹೊಲಕ್ಕೆ ಬಂಗಾರ, ಹಾದಿಗೆ ಬರೀ ರಾಡಿ.

ಹಾದಿ ಎತ್ತರಿಸಿದ ಕೂಡಲೇ ಅದು ಒಡ್ಡಿನ ಹಾಗೆ ನೀರು ತಡೆಯುತ್ತದೆ ಅನ್ನುವುದನ್ನು ಮರೆಯಬೇಡಿ. ಮೇಲಿನ ಹೊಲದ ನೀರು ಎಲ್ಲಿ ಹೊರಬೀಳುತ್ತದೋ ಅಲ್ಲೆಲ್ಲ ದಾಟಲು ಜಾಗ ಬೇಕು. ಇಲ್ಲದಿದ್ದರೆ ಹೆಸರು, ಮೆಣಸಿನಕಾಯಿ ನಿಂತಲ್ಲೇ ಕೊಳೆತು, ಹೊಲದವರೇ ರಾತ್ರಿ ಗುದ್ದಲಿ ತಂದು ಹಾದಿ ಕಡಿಯುತ್ತಾರೆ, ಅದರಲ್ಲಿ ಅವರದೇನೂ ತಪ್ಪಿಲ್ಲ. ಸಣ್ಣ ಹಳ್ಳಕ್ಕೆ ಸಿಮೆಂಟ್ ಪೈಪಿಗಿಂತ ತಳಕ್ಕೆ ಸಮನಾಗಿ ಹಾಸಿದ ಚಪ್ಪಟೆ ಕಲ್ಲು ವಾಸಿ. ಪೈಪಿಗೆ ಹತ್ತಿಕಟ್ಟಿಗೆ, ಜೋಳದ ದಂಟು ಸಿಕ್ಕಿ ಕಟ್ಟಿಕೊಳ್ಳುತ್ತದೆ. ಕಲ್ಲಿನ ಮೇಲೆ ನೀರು ಹಾಯ್ದು ಹೋಗುತ್ತದೆ, ಇಳಿದ ಮೇಲೆ ಜನ ದಾಟುತ್ತಾರೆ. ಬೆಣ್ಣಿಹಳ್ಳ, ತುಪ್ಪರಿಹಳ್ಳದಂಥವು ನಮ್ಮ ನಿಮ್ಮ ಕೆಲಸವಲ್ಲ, ಅಲ್ಲಿ ಎಂಜಿನಿಯರ್ ಬೇಕೇ ಬೇಕು.

ನೆರಳಿಗೆ ಬೇವು, ಹೊಂಗೆ ಹಚ್ಚಿ. ಹಾದಿ ಪೂರ್ವ-ಪಶ್ಚಿಮ ಇದ್ದರೆ ಗಿಡಗಳು ದಕ್ಷಿಣ ಅಂಚಿಗಿರಲಿ. ವರ್ಷದ ಬಹಳ ಕಾಲ ನೆರಳು ಉತ್ತರಕ್ಕೆ ಬೀಳುವುದರಿಂದ ಅದು ಹಾದಿಯ ಮೇಲೇ ಇರುತ್ತದೆ, ಬೆಳೆಗೆ ತಾಕುವುದಿಲ್ಲ.

ಕಂಬ, ಇಳಿಜಾರು, ಫಲಕ

ವಾಹನ ತಡೆಯುವ ಕಂಬಗಳ ನಡುವೆ ಎಷ್ಟು ಜಾಗ ಬಿಡಬೇಕು ಅನ್ನುವುದರ ಮೇಲೆ ಹಾದಿ ಯಾರದು ಅನ್ನುವುದು ತೀರ್ಮಾನವಾಗುತ್ತದೆ. ತೀರ ಇಕ್ಕಟ್ಟು ಮಾಡಿದರೆ ಅಂಗವಿಕಲರ ಗಾಲಿಕುರ್ಚಿ, ತಲೆಯ ಮೇಲೆ ಮೇವಿನ ಹೊರೆ ಹೊತ್ತವರು ದಾಟಲಾರರು. 1.2 ಮೀಟರ್ ಬಿಡಿ. ಬೈಕು ಬರುತ್ತದೆ ಅನ್ನುವುದು ನಿಜ, ಅದಕ್ಕೆ ಕಂಬಕ್ಕಿಂತ ಊರವರ ಬಾಯಿಯೇ ಮದ್ದು. ಏರು ಇರುವಲ್ಲಿ ಮೆಟ್ಟಿಲ ಬದಲು ಇಳಿಜಾರು ಮಾಡುವುದಾದರೆ 12 ಅಡಿ ಉದ್ದಕ್ಕೆ 1 ಅಡಿಗಿಂತ ಹೆಚ್ಚು ಏರಬಾರದು. ಇಡೀ ಹಾದಿ ಹೀಗೆ ಮಾಡಲಾಗದಿದ್ದರೆ ಊರಿಂದ ಮೊದಲ ಕಟ್ಟೆಯ ತನಕವಾದರೂ ಮಾಡಿ.

ಫಲಕದಲ್ಲಿ ಹಾದಿ ಎಲ್ಲಿಗೆ, ಎಷ್ಟು ದೂರ, ವಾಹನ ಇಲ್ಲ, ನಾಯಿ ಬಿಡಬೇಡಿ, ಬೆಳೆ ಮುಟ್ಟಬೇಡಿ. ಇಷ್ಟು ಸಾಕು. ಹತ್ತಿ, ಮೆಣಸಿನಕಾಯಿಗೆ ಔಷಧ ಹೊಡೆದ ದಿನ ಹೊಲದವರು ಕೆಂಪು ಬಟ್ಟೆ ಕಟ್ಟುವ ರೂಢಿ ಮಾಡಿ, ಅದರ ಅರ್ಥ ಫಲಕದಲ್ಲಿ ಬರೆಯಿರಿ. ದಾನಿಗಳ ಫೋಟೊ ಹಾಕುವ ಆಸೆ ಬಂದರೆ ಅದನ್ನು ಉದ್ಘಾಟನೆಯ ಬ್ಯಾನರಿಗೆ ಬಿಡಿ.

ಗುಡ್ಡ, ಕೆರೆ, ಕಾಡಿನ ಕಡೆ ಹೋಗುವುದಾದರೆ

ಕಪ್ಪತಗುಡ್ಡ 2019ರಿಂದ ವನ್ಯಜೀವಿ ಧಾಮ, 244 ಚದರ ಕಿಲೋಮೀಟರಿಗೂ ಹೆಚ್ಚು. ರಾಣೇಬೆನ್ನೂರಿನ ಕೃಷ್ಣಮೃಗ ಧಾಮ 1974ರದು, 119 ಚದರ ಕಿಲೋಮೀಟರ್. ಧಾಮದೊಳಗೆ ಯಾರು ಹೋಗಬಹುದು ಅನ್ನುವುದನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಹೇಳುತ್ತದೆ, ಹಳೆಯ ಹಾದಿ ನಕಾಶೆಯಲ್ಲಿ ಇದ್ದ ಮಾತ್ರಕ್ಕೆ ಜಾಲಿ ಕಡಿಯಲು ಹೋಗಬಾರದು. ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಒಂದು ಕಲ್ಲನ್ನೂ ಸರಿಸಬೇಡಿ. ಬೇಸಿಗೆಯಲ್ಲಿ ಒಂದು ಬೀಡಿ ಸಾಕು ಗುಡ್ಡದ ಹುಲ್ಲು ಹೊತ್ತಲು.

ಶಿರಹಟ್ಟಿ ತಾಲೂಕಿನ ಮಾಗಡಿ ಕೆರೆ 2024ರಲ್ಲಿ ರಾಮ್ಸಾರ್ ಪಟ್ಟಿ (ಅಂತರರಾಷ್ಟ್ರೀಯ ಮಹತ್ವದ ಜೌಗುಭೂಮಿಗಳ ಪಟ್ಟಿ) ಸೇರಿತು. ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಬರುತ್ತವೆ, ಕೆರೆಯಲ್ಲಿ ತಂಗುತ್ತವೆ, ಸುತ್ತಲಿನ ಹೊಲಗಳಲ್ಲಿ ಮೇಯುತ್ತವೆ. ಇಂಥ ಕೆರೆಗೆ ಸುತ್ತಲೂ ಹಾದಿ ಮಾಡುವುದು ಒಳ್ಳೆಯ ಕೆಲಸ ಅಂತ ನನಗೆ ಅನ್ನಿಸುವುದಿಲ್ಲ. ಒಂದು ಕಡೆಯಿಂದ ಮಾತ್ರ ನೀರಿನ ತನಕ ಹಾದಿ, ಅಲ್ಲೊಂದು ಮರೆ ಕಟ್ಟೆ, ಉಳಿದ ದಂಡೆ ಹಕ್ಕಿಗಳಿಗೆ. ಯಾವ ಸಣ್ಣ ಕೆರೆಗೂ ಇದೇ ನಿಯಮ ಹೊಂದುತ್ತದೆ. ಬಂಕಾಪುರದ ಕೋಟೆಯ ನವಿಲು ಧಾಮದ ಸುತ್ತಲಿನ ಊರವರಿಗೂ ಇದು ಅನ್ವಯಿಸುತ್ತದೆ: ನವಿಲು ಮೊಟ್ಟೆ ಇಡುವ ಮಳೆಗಾಲದಲ್ಲಿ ಪೊದೆ ಸವರುವ ಕೆಲಸ ಬೇಡ.

ಮೊದಲ ಮಳೆಯಾದ ಮೇಲೆ

ಮಳೆ ನಿಂತ ಮರುದಿನವೇ ಸಲಿಕೆ ಹಿಡಿದು ನಡೆಯಿರಿ. ನೀರು ಎಲ್ಲಿ ಕೊರೆದಿದೆಯೋ ಅಲ್ಲಿ ಆಗಲೇ ಮುಚ್ಚಿದರೆ ಎರಡು ಬುಟ್ಟಿ ಗರಸು ಸಾಕು, ದಸರಾ ತನಕ ಬಿಟ್ಟರೆ ಎರಡು ಟ್ರಿಪ್ ಬೇಕು. ಹಾದಿಯನ್ನು ತುಂಡು ತುಂಡಾಗಿ ಮನೆಗಳಿಗೆ, ಓಣಿಗಳಿಗೆ ಹಂಚಿಬಿಡಿ. ವರ್ಷದ ದೊಡ್ಡ ದುರಸ್ತಿ ಶೀಗಿ ಹುಣ್ಣಿಮೆಗೆ ಮೊದಲು ಇಟ್ಟುಕೊಂಡರೆ ಕರೆಯದೆ ಜನ ಬರುತ್ತಾರೆ, ಚಕ್ಕಡಿ ಹೋಗಬೇಕಲ್ಲ.

ಮತ್ತೆ ಬೇಲಿ ಬಿದ್ದರೆ

ಹೊಲ ಕೈ ಬದಲಾದಾಗ ಇದು ಆಗುತ್ತದೆ. ಹೊಸ ಮಾಲೀಕರ ಹತ್ತಿರ ಮೊದಲು ಹಳೆಯ ಮಾಲೀಕರನ್ನೇ ಕಳಿಸಿ. ಆಮೇಲೆ ಪಂಚಾಯಿತಿ ಅಧ್ಯಕ್ಷರು, ಪಿಡಿಒ. ಅದೂ ಆಗದಿದ್ದರೆ, ಹಾದಿ ನಕಾಶೆಯಲ್ಲೋ ‘ಬ’ ಖರಾಬಿನಲ್ಲೋ ಇದ್ದಾಗ ತಹಶೀಲ್ದಾರರಿಗೆ ಅರ್ಜಿ ಕೊಡಿ. ಸಾರ್ವಜನಿಕ ಹಾದಿಯ ಅಡ್ಡಿ ತೆಗೆಸಲು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೆಯ ಕಲಂ ಇದೆ, ದಾರಿಯ ಬಳಕೆಯ ಬಗ್ಗೆ ತಂಟೆ ಎದ್ದು ಶಾಂತಿ ಕದಡುವಂತಿದ್ದರೆ 166ನೆಯ ಕಲಂ. ಹಿಂದಿನ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ (ಸಿಆರ್‌ಪಿಸಿ) ಇವೇ 133 ಮತ್ತು 147 ಆಗಿದ್ದವು, 2024ರ ಜುಲೈ 1ರಿಂದ ಸಂಖ್ಯೆ ಬದಲಾಗಿದೆ. ಅರ್ಜಿಯೊಂದಿಗೆ ಗ್ರಾಮ ನಕಾಶೆಯ ನಕಲು, ಸರ್ವೆ ನಂಬರುಗಳ ಉತಾರ, ಗ್ರಾಮಸಭೆಯ ಠರಾವು, ಬೇಲಿ ಹಾಕುವ ಮೊದಲಿನ ಮತ್ತು ನಂತರದ ಫೋಟೊ, ಹಿರಿಯರ ಹೇಳಿಕೆಗಳನ್ನು ಲಗತ್ತಿಸಿ, ಎಲ್ಲ ಪುಟಕ್ಕೂ ಸಂಖ್ಯೆ ಹಾಕಿ. ಸಹಿ ಒಬ್ಬರದೇ ಬೇಡ, ಹಾದಿ ಬಳಸುವ ಪ್ರತಿ ಓಣಿಯಿಂದ ಇಬ್ಬರದಾದರೂ ಇರಲಿ, ಅದರಲ್ಲಿ ಹೆಣ್ಣುಮಕ್ಕಳ ಸಹಿ ಕಡ್ಡಾಯ. ಸ್ವೀಕೃತಿಯ ಮೊಹರು ಬಿದ್ದ ಪ್ರತಿ ಕೈಗೆ ಬರುವ ತನಕ ಕಚೇರಿ ಬಿಟ್ಟು ಏಳಬೇಡಿ.